ಬೆಂಗಳೂರಲ್ಲಿ ಕೂತು ಕಾರವಾರದ ನೀರಿನ ಬಣ್ಣ ನೋಡುವುದು

ಕಾರವಾರದ ಕೊಲ್ಲಿಯ ನೀರು ಯಾವ ದಿನ ಕಂದು, ಯಾವ ದಿನ ತಿಳಿ ಅಂತ ನಾನು ಜಯನಗರದ ಮನೆಯಿಂದಲೇ ನೋಡುತ್ತೇನೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಪುಕ್ಕಟೆ ಸಿಗುತ್ತವೆ. 5 ದಿನಕ್ಕೊಮ್ಮೆ ಹೊಸದು ಬರುತ್ತದೆ, 10 ಮೀಟರ್ ಅಗಲದ ವಸ್ತು ಒಂದು ಚುಕ್ಕೆಯಾಗಿ ಕಾಣುತ್ತದೆ. ಕಾಳಿ ನದಿ ಸಮುದ್ರ ಸೇರುವ ಅಳಿವೆ ನೋಡಲು ಅಷ್ಟು ಸಾಕು.

ಚಿತ್ರಗಳನ್ನು ನಾನು ಜೋಡಿಸಿಡುವುದು ತಿಥಿಯ ಪ್ರಕಾರ. ನಗಬೇಡಿ, ಕಾರಣ ಇದೆ. ಉಪಗ್ರಹ ಅಲ್ಲಿ ಹಾದುಹೋಗುವುದು ಯಾವತ್ತೂ ಬೆಳಿಗ್ಗೆ 11ರ ಸುಮಾರಿಗೆ. ಸಮುದ್ರದ ಭರತ ಮಾತ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಕಾರವಾರದ ಭರತ ತುಂಬುವುದು ಹೆಚ್ಚುಕಡಿಮೆ 11ರ ಆಸುಪಾಸಿಗೇ. ಆಗ ಸಮುದ್ರದ ತಿಳಿನೀರು ಅಳಿವೆಯೊಳಗೆ ನುಗ್ಗಿರುತ್ತದೆ. ಏಕಾದಶಿ, ದ್ವಾದಶಿಗೆ ಅದೇ ಹೊತ್ತಲ್ಲಿ ಇಳಿತ ಓಡುತ್ತಿರುತ್ತದೆ. ಕಾಳಿಯ ಮಣ್ಣುನೀರು ಬೀಸಣಿಗೆಯಂತೆ ಕೊಲ್ಲಿಗೆ ಬಿಚ್ಚಿಕೊಳ್ಳುತ್ತದೆ. ಪಂಚಮಿಗೆ ಮತ್ತೆ ಭರತ ಏರುತ್ತಿರುತ್ತದೆ. ಹುಣ್ಣಿಮೆಯ ದೊಡ್ಡ ಇಳಿತ ಸಂಜೆ 5ರ ಹೊತ್ತಿಗೆ, ಅದು ಈ ಉಪಗ್ರಹದ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಕಾರವಾರದ ಕೋಡಿಬಾಗದಲ್ಲಿರುವ ಮಾವನಿಗೇ ಫೋನ್ ಮಾಡಬೇಕು.

ಲೆಕ್ಕ ಕೆಡಿಸುವುದು ಗಾಳಿ. ದಡದ ಕಡೆ ಆಳ ಕಡಿಮೆ ಅಲ್ವಾ? ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಜೋರು ಗಾಳಿ ಬೀಸಿ, ಅಲೆಗಳು ತಳದ ಕೆಸರನ್ನು ಎಬ್ಬಿಸುತ್ತವೆ. ನುಣುಪಾದ ಕೆಸರು ಮಾರನೇ ಬೆಳಿಗ್ಗೆಗೂ ಪೂರ್ತಿ ತಳ ಸೇರಿರುವುದಿಲ್ಲ. ಅದಕ್ಕೇ ಚಿತ್ರದ ಹಿಂದಿನ ದಿನದ ಗಾಳಿಯನ್ನೂ ಬರೆದಿಡುತ್ತೇನೆ. ಆ ಬೆಳಿಗ್ಗೆಯ ಗಾಳಿ ಮಾತ್ರ ನೋಡಿದರೆ ಏನೂ ಅರ್ಥವಾಗುವುದಿಲ್ಲ.

ಎರಡನ್ನೂ ಬೇರೆ ಮಾಡುವುದು ಆಕಾರದಿಂದ. ನದಿಯ ನೀರು ಅಳಿವೆಯಿಂದ ಹೊರಡುತ್ತದೆ, ಅಂಚು ಸ್ಪಷ್ಟ. ಗಾಳಿ ಎಬ್ಬಿಸಿದ ಕೆಸರು ದಡದುದ್ದಕ್ಕೂ ಪಟ್ಟಿಯಾಗಿ ನಿಂತಿರುತ್ತದೆ, ಸಮುದ್ರದ ಕಡೆ ಮೆಲ್ಲಗೆ ಮಾಸುತ್ತದೆ. ಬರೀ ಕೆಂಪು ಬ್ಯಾಂಡ್, ಅಂದರೆ ಕೆಂಪು ಬೆಳಕನ್ನಷ್ಟೇ ಹಿಡಿದ ಕಪ್ಪು-ಬಿಳುಪು ಚಿತ್ರ, ತೆರೆದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ತಿಳಿನೀರು ಕೆಂಪು ಬೆಳಕನ್ನು ನುಂಗಿ ಕಪ್ಪಗಿರುತ್ತದೆ, ಮಣ್ಣಿದ್ದ ಕಡೆ ಬೆಳ್ಳಗೆ ಹೊಳೆಯುತ್ತದೆ. ಬಣ್ಣದ ಚಿತ್ರವನ್ನೇ ನಂಬಿ ಕೂತವರು ಸುಮ್ನೆ ಕಣ್ಣು ನೋಯಿಸಿಕೊಳ್ಳುತ್ತಾರೆ.

ಹಸಿರು ಬಣ್ಣದ ಕಥೆ ಬೇರೆ. ಅದು ಹೆಚ್ಚಾಗಿ ನೀರಲ್ಲಿ ತೇಲುವ ಸೂಕ್ಷ್ಮ ಪಾಚಿಯದು. ಮಳೆಗಾಲದ ಗಾಳಿಗೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬಂದಾಗ ಪಾಚಿ ಜಾಸ್ತಿಯಾಗುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಚಿತ್ರದ ತುಂಬಾ ಮೋಡವೇ. ಆ ತಿಂಗಳುಗಳ ಫೋಲ್ಡರ್ ನನ್ನ ಹತ್ತಿರ ಹೆಚ್ಚುಕಡಿಮೆ ಖಾಲಿ.