ಕಿಟಕಿ ಹ್ಯಾಂಡಲ್ ಮುರಿದಿದೆಯಾ? ಅಂಗಡಿಗೆ ಹೋಗುವ ಮೊದಲು ಇಷ್ಟು ನೋಡಿ

ನಾನು ಗೋವಾದ ವಾಸ್ಕೊದಲ್ಲಿ ಅಲ್ಯೂಮಿನಿಯಂ ಕಿಟಕಿ ಕೂರಿಸುವ ಕೆಲಸ ಮಾಡುತ್ತೇನೆ. ಊರು ಗದಗ ಕಡೆ. ಇಲ್ಲಿ ಬಾಯಣಾ, ಮಾಂಗೋರ್ ಹಿಲ್, ಝುವಾರಿನಗರ ಎಲ್ಲಿ ಹೋದರೂ ನಮ್ಮ ಭಾಗದವರು ಸಿಗುತ್ತಾರೆ. ಮೇ ತಿಂಗಳು ಬಂತೆಂದರೆ ಅವರ ಫೋನ್ ಶುರು: "ಅಣ್ಣಾರ, ಕಿಡಕಿ ಹ್ಯಾಂಡಲ್ ತಂದೀನಿ, ಒಂದೀಟು ಬಂದು ಹಚ್ಚಿ ಕೊಡ್ರಿ." ಹೋಗಿ ನೋಡಿದರೆ ತಂದ ಹ್ಯಾಂಡಲ್ ಆ ಕಿಟಕಿಗೆ ಕೂರುವುದೇ ಇಲ್ಲ. ತೂತಿನ ಅಂತರ ಬೇರೆ, ದಪ್ಪ ಬೇರೆ. ಕೂತರೂ ಮುಂದಿನ ವರ್ಷ ಮತ್ತೆ ಅದೇ ಫೋನ್, ಯಾಕೆಂದರೆ ಹಳೆಯದು ಯಾಕೆ ಮುರಿಯಿತು ಎಂದು ಯಾರೂ ನೋಡಿರುವುದಿಲ್ಲ.

ಈ ಕೆಲಸಕ್ಕೆ ನನ್ನಂಥವರನ್ನು ಕರೆಯಲೇಬೇಕು ಎಂದೇನಿಲ್ಲ. ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಒಂದು ಚಪ್ಪಟೆ ಸ್ಕ್ರೂಡ್ರೈವರ್, ಇಕ್ಕಳ, ಸ್ಕೇಲು, ಹಳೆಯ ಟೂತ್‌ಬ್ರಷ್ ಇದ್ದರೆ ಸಾಕು. ಡ್ರಿಲ್ ಮಷೀನ್ ಅಪರೂಪಕ್ಕೆ ಬೇಕಾಗುತ್ತದೆ. ಆದರೆ ಮಳೆಗೆ ಮೊದಲೇ ಮುಗಿಸಿ. ಗೋವಾಕ್ಕೆ ಜೂನ್ ಮೊದಲ ಭಾಗದಲ್ಲೇ ಮಳೆ ಬಂದುಬಿಡುತ್ತದೆ. ಆಮೇಲೆ ಸಮುದ್ರದ ಕಡೆಯ ಗಾಳಿಗೆ ಅರೆಬರೆ ಮುಚ್ಚಿದ ಕಿಟಕಿ ರಾತ್ರಿಯಿಡೀ ಬಡಿದುಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾ ಪಕ್ಕದಲ್ಲೇ ಹಾದುಹೋಯಿತಲ್ಲ, ಆಮೇಲೆ ನಾನು ನೋಡಿದ ಒಡೆದ ಗಾಜುಗಳಲ್ಲಿ ಎಷ್ಟೋ ಕಿಟಕಿಗಳ ಲಾಕ್ ಮೊದಲೇ ಕೆಟ್ಟಿತ್ತು.

ಮೊದಲು ಕಿಟಕಿಯನ್ನು ಸರಿ ಮಾಡಿ

ಹ್ಯಾಂಡಲ್ ತಾನಾಗಿ ಮುರಿಯುವುದು ಕಡಿಮೆ. ಕಿಟಕಿ ಬಿಗಿಯಾಗುತ್ತದೆ, ನಾವು ಜೋರಾಗಿ ಎಳೆಯುತ್ತೇವೆ, ಆ ಬಲವೆಲ್ಲ ಎರಡು ಸಣ್ಣ ಸ್ಕ್ರೂಗಳ ಮೇಲೆ ಬೀಳುತ್ತದೆ. ಹೀಗೇ ವರ್ಷಗಟ್ಟಲೆ ನಡೆದು ಒಂದು ದಿನ ಹ್ಯಾಂಡಲ್ ಕೈಗೆ ಬರುತ್ತದೆ. ಹಾಗಾಗಿ ಹ್ಯಾಂಡಲ್ ಮುಟ್ಟದೆ, ಕಿಟಕಿಯ ಚೌಕಟ್ಟಿಗೆ ಅಂಗೈ ಇಟ್ಟು ತಳ್ಳಿ ನೋಡಿ. ಸಲೀಸಾಗಿ ಸರಿದರೆ ಒಳ್ಳೆಯದು. ಮೈಭಾರ ಹಾಕಿ ತಳ್ಳಬೇಕಾದರೆ ತೊಂದರೆ ಬೇರೆ ಕಡೆ ಇದೆ.

ಸ್ಲೈಡಿಂಗ್ ಕಿಟಕಿಯಾದರೆ ಕೆಳಗಿನ ಟ್ರ್ಯಾಕ್ ನೋಡಿ. ವಾಸ್ಕೊದ ಮನೆಗಳಲ್ಲಿ ಮರಳು, ಕರಿ ಧೂಳು, ಉಪ್ಪಿನ ಜಿಡ್ಡು ಎಲ್ಲ ಸೇರಿ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಟೂತ್‌ಬ್ರಷ್‌ನಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಟ್ರ್ಯಾಕ್‌ನ ಹೊರಬದಿಯಲ್ಲಿ ಸಣ್ಣ ತೂತುಗಳಿರುತ್ತವೆ, ಮಳೆನೀರು ಆಚೆ ಹೋಗಲಿ ಎಂದು ಇಟ್ಟವು. ಅವುಗಳನ್ನು ಕಡ್ಡಿಯಿಂದ ಬಿಡಿಸಿ. ಮಳೆಗಾಲದಲ್ಲಿ ನೀರು ಮನೆಯೊಳಗೆ ಬರುತ್ತದೆ ಎಂದು ಎಷ್ಟೋ ಜನ ಸುಮ್ನೆ ಸಿಲಿಕಾನ್ ಬಳಿಸುತ್ತಾರೆ. ಆ ತೂತು ಬಿಡಿಸಿದ್ದರೆ ಸಾಕಿತ್ತು. ಟ್ರ್ಯಾಕ್‌ಗೆ ಅಡುಗೆ ಎಣ್ಣೆ, ಮಷೀನ್ ಎಣ್ಣೆ ಹಾಕಬೇಡಿ, ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ. ಮೇಣದಬತ್ತಿಯನ್ನು ಉಜ್ಜಿದರೆ ಚೆನ್ನಾಗಿ ಜಾರುತ್ತದೆ. ಸಿಲಿಕಾನ್ ಸ್ಪ್ರೇ ಇದ್ದರೆ ಅದೂ ಆಗುತ್ತದೆ.

ಶುಚಿ ಮಾಡಿದರೂ ಭಾರವೇ ಇದ್ದರೆ ಕೆಳಗಿನ ಚಕ್ರ ಸವೆದಿದೆ ಎಂದು ಅರ್ಥ. ನಾವು ಅದಕ್ಕೆ ಬೇರಿಂಗ್ ಎನ್ನುತ್ತೇವೆ. ಅದನ್ನು ಬದಲಿಸಲು ಪಲ್ಲೆಯನ್ನು, ಅಂದರೆ ತೆರೆದು ಮುಚ್ಚುವ ಗಾಜಿನ ಭಾಗವನ್ನು, ಮೇಲಕ್ಕೆತ್ತಿ ಒಳಗೆ ಓರೆ ಮಾಡಿ ತೆಗೆಯಬೇಕು. ಇದನ್ನು ಒಬ್ಬರೇ ಮಾಡಬೇಡಿ. ಗ್ರಿಲ್ ಇಲ್ಲದ ಮೇಲಿನ ಮಹಡಿಯಲ್ಲಂತೂ ಬೇಡವೇ ಬೇಡ. ಗಾಜಿನ ಪಲ್ಲೆ ಕೈತಪ್ಪಿದರೆ ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಆ ಒಂದು ಕೆಲಸಕ್ಕೆ ಫಿಟ್ಟರ್‌ನನ್ನು ಕರೆಯಿರಿ.

ಬಾಗಿಲಿನಂತೆ ತೆರೆಯುವ ಕಿಟಕಿಯಾದರೆ ಕೀಲು ನೋಡಿ. ಕೀಲು ಸಡಿಲಾದರೆ ಪಲ್ಲೆ ಒಂದು ಬದಿಗೆ ಜೋಲುತ್ತದೆ. ಆಗ ಹ್ಯಾಂಡಲ್‌ನ ಮೂಗು, ಅಂದರೆ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಚಾಚಿದ ತುದಿ, ಚೌಕಟ್ಟಿನ ತೂತಿಗೆ ನೇರವಾಗಿ ಬರುವುದಿಲ್ಲ, ಸ್ವಲ್ಪ ಕೆಳಗೆ ಬಡಿಯುತ್ತದೆ. ಎದುರಿನ ಪಟ್ಟಿಯಲ್ಲಿ ಹೊಸ ಗೀರು ಕಾಣಿಸಿದರೆ ಇದೇ ಕಾರಣ. ಕೀಲಿನ ಸ್ಕ್ರೂ ಬಿಗಿ ಮಾಡಿ, ಪಲ್ಲೆಯನ್ನು ಒಬ್ಬರು ಸ್ವಲ್ಪ ಎತ್ತಿ ಹಿಡಿದಿರಲಿ. ಎಷ್ಟೋ ಸಲ ಇಷ್ಟಕ್ಕೇ ಹಳೆಯ ಹ್ಯಾಂಡಲ್ ಸರಿಯಾಗಿ ಕೂತು, ಹೊಸದು ಬೇಕಾಗುವುದೇ ಇಲ್ಲ.

ಹಳೆಯದನ್ನು ಬಿಚ್ಚುವುದು

ಬೆಳಗ್ಗೆ ಶುರು ಮಾಡಿ, ಗಾಳಿ ಇಲ್ಲದ ದಿನ. ಕಿಟಕಿ ಕಟ್ಟೆಯ ಮೇಲೆ ಹಳೆಯ ಟವೆಲ್ ಹಾಸಿ, ಬಿದ್ದ ಸ್ಕ್ರೂ ಉರುಳಿಹೋಗುವುದಿಲ್ಲ. ಸ್ಕ್ರೂಡ್ರೈವರ್‌ಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ. ನಾನು ಮೂರನೇ ಮಹಡಿಯಾದರೂ ಐದನೇ ಮಹಡಿಯಾದರೂ ಹೀಗೇ ಮಾಡುತ್ತೇನೆ.

ಸ್ಕ್ರೂ ಕಾಣುತ್ತಿಲ್ಲವೇ? ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗಳಲ್ಲಿ ಅದು ಮುಚ್ಚಳದ ಕೆಳಗೆ ಇರುತ್ತದೆ. ಹ್ಯಾಂಡಲ್ ಅನ್ನು ಅಡ್ಡಕ್ಕೆ ತಿರುಗಿಸಿ, ಅದರ ಬುಡದ ಪ್ಲಾಸ್ಟಿಕ್ ಮುಚ್ಚಳವನ್ನು ಉಗುರಿನಿಂದ ಸ್ವಲ್ಪ ಎತ್ತಿ ಪಕ್ಕಕ್ಕೆ ತಿರುಗಿಸಿ. ಮೇಲೊಂದು ಕೆಳಗೊಂದು ಸ್ಕ್ರೂ ಕಾಣಿಸುತ್ತದೆ. ಮುಚ್ಚಳ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ, ಅದು ಬೇಗ ಸೀಳುತ್ತದೆ.

ಕರಾವಳಿಯಲ್ಲಿ ನಿಜವಾದ ಕಷ್ಟ ತುಕ್ಕು ಹಿಡಿದ ಸ್ಕ್ರೂ. ಅಲ್ಯೂಮಿನಿಯಂಗೆ ಕಬ್ಬಿಣದ ಸ್ಕ್ರೂ ಹಾಕಿದ್ದರೆ ಉಪ್ಪುಗಾಳಿಗೆ ಎರಡೂ ಕೆಡುತ್ತವೆ. ಸ್ಕ್ರೂ ತುಕ್ಕು ಹಿಡಿಯುತ್ತದೆ, ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಸ್ಕ್ರೂವನ್ನು ಹಿಡಿದುಕೊಳ್ಳುತ್ತದೆ. ಇಲ್ಲಿ ಅವಸರ ಮಾಡಿದರೆ ಸ್ಕ್ರೂ ತಲೆಯ ಗೀರು ಹೋಗಿಬಿಡುತ್ತದೆ. ತುಕ್ಕು ಸಡಿಲಿಸುವ ಡಬ್ಲ್ಯುಡಿ-40 ಎಣ್ಣೆ ಹನಿಸಿ ಅರ್ಧ ಗಂಟೆ ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಸ್ಕ್ರೂಡ್ರೈವರ್ ಅನ್ನು ತಲೆಯ ಮೇಲಿಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಗಾಜು ಪಕ್ಕದಲ್ಲೇ ಇದೆ, ನೆನಪಿರಲಿ. ಮೊದಲು ಒಂದಿಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ತುಕ್ಕಿನ ಹಿಡಿತ ಬಿಟ್ಟ ಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ತಲೆ ಹಾಳಾಗಿದ್ದರೆ ನಡುವೆ ಅಗಲ ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುಗಿಸಿ, ಹಿಡಿತ ಸಿಗುತ್ತದೆ. ಅದೂ ಆಗದಿದ್ದರೆ ಡ್ರಿಲ್‌ನಿಂದ ತಲೆಯನ್ನಷ್ಟೇ ಕೊರೆದು ತೆಗೆಯಿರಿ. ಹ್ಯಾಂಡಲ್ ಹೊರಗೆ ಬರುತ್ತದೆ, ಉಳಿದ ಕಾಂಡವನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ.

ಹ್ಯಾಂಡಲ್ ಮುರಿದು ಕಿಟಕಿ ಮುಚ್ಚಿಕೊಂಡೇ ಇದ್ದರೆ ಹೆದರಬೇಡಿ. ಒಳಗಿನ ಚೌಕ ಕಡ್ಡಿ, ಅಂದರೆ ಸ್ಪಿಂಡಲ್, ಹೊರಗೆ ಚಾಚಿದ್ದರೆ ಅದನ್ನೇ ಇಕ್ಕಳದಿಂದ ತಿರುಗಿಸಿ ತೆರೆಯಬಹುದು.

ಅಳತೆ

ಬಿಚ್ಚಿದ ಹ್ಯಾಂಡಲ್ ಅನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಫೋಟೊ ಸಾಲದು. ಫೋಟೊದಲ್ಲಿ ಎಲ್ಲ ಹ್ಯಾಂಡಲ್‌ಗಳೂ ಒಂದೇ ಥರ ಕಾಣುತ್ತವೆ. ಮನೆ ಬಿಟ್ಟು ಹೊರಡುವ ಮೊದಲು ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಳ್ಳಿ.

ಯುಪಿವಿಸಿ ಹ್ಯಾಂಡಲ್‌ಗೆ ಮೂರು ಅಳತೆ. ಎರಡು ಸ್ಕ್ರೂ ತೂತುಗಳ ನಡುವಿನ ಅಂತರ, ನಡುವಿನಿಂದ ನಡುವಿಗೆ. ಇದು ಸಾಮಾನ್ಯವಾಗಿ 43 ಮಿ.ಮೀ. ಸ್ಪಿಂಡಲ್‌ನ ದಪ್ಪ, ಹೆಚ್ಚಾಗಿ 7 ಮಿ.ಮೀ. ಮೂರನೆಯದು ಸ್ಪಿಂಡಲ್ ಬುಡದಿಂದ ಎಷ್ಟು ಉದ್ದ ಚಾಚಿದೆ ಎಂಬುದು. ಜನ ಮರೆಯುವುದು ಇದನ್ನೇ. ಉದ್ದ ಕಡಿಮೆಯಾದರೆ ಹ್ಯಾಂಡಲ್ ತಿರುಗುತ್ತದೆ, ಆದರೆ ಒಳಗಿನ ಲಾಕ್ ತಿರುಗುವುದಿಲ್ಲ. ಜಾಸ್ತಿಯಾದರೆ ಬುಡ ಚೌಕಟ್ಟಿಗೆ ಸಪಾಟಾಗಿ ಕೂರುವುದಿಲ್ಲ. ಜಾಸ್ತಿ ಇದ್ದುದನ್ನು ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಬಹುದು. ಹಾಗಾಗಿ ಸರಿಯಾದದ್ದು ಸಿಗದಿದ್ದರೆ ಉದ್ದದ್ದನ್ನೇ ಕೊಳ್ಳಿ.

ಮೂಗಿರುವ ಹ್ಯಾಂಡಲ್‌ನಲ್ಲಿ ಬುಡದಿಂದ ಮೂಗಿನ ಕೆಳಭಾಗದವರೆಗಿನ ಎತ್ತರ ಮುಖ್ಯ. ಒಂದೆರಡು ಮಿ.ಮೀ. ತಪ್ಪಿದರೂ ಕಿಟಕಿ ಒಂದೋ ಬಿಗಿಯುವುದಿಲ್ಲ, ಇಲ್ಲವೇ ಮುಚ್ಚುವುದೇ ಇಲ್ಲ. ಇದರಲ್ಲಿ ಎಡಗಡೆಯದು, ಬಲಗಡೆಯದು ಎಂದು ಎರಡಿವೆ. ಮನೆಯೊಳಗೆ ನಿಂತು ನೋಡಿದಾಗ ಕೀಲು ಯಾವ ಬದಿಗಿದೆ ಎಂದು ಬರೆದುಕೊಂಡು ಅಂಗಡಿಯವರಿಗೆ ಹಾಗೇ ಹೇಳಿ.

ಸ್ಲೈಡಿಂಗ್ ಲಾಕ್‌ಗೆ ಚೌಕಟ್ಟಿನಲ್ಲಿ ಕೊರೆದ ಗುಂಡಿಯ ಉದ್ದ ಅಗಲ, ಸ್ಕ್ರೂ ಅಂತರ, ಕೊಕ್ಕೆಯ ದಿಕ್ಕು ನೋಡಿಕೊಳ್ಳಿ. ಗುಂಡಿ ದೊಡ್ಡದು ಮಾಡಬೇಕಾದ ಲಾಕ್ ಬೇಡ, ಹೊಂದುವುದನ್ನೇ ಹುಡುಕಿ.

ಯಾವುದನ್ನು ಕೊಳ್ಳಬೇಕು

ಮುರಿದ ಜಾಗವನ್ನು ಒಮ್ಮೆ ಬೆಳಕಿಗೆ ಹಿಡಿಯಿರಿ. ಬೂದು ಬಣ್ಣ, ಒದ್ದೆ ಸಕ್ಕರೆಯಂತೆ ಕಾಳುಕಾಳು ಕಂಡರೆ ಅದು ಸತುವಿನ ಎರಕ. ಮೇಲೆ ಕ್ರೋಮ್ ಹೊಳಪು ಇರುತ್ತದೆ. ಒಂದು ಕಡೆ ಹೊಳಪು ಎದ್ದರೆ ಉಪ್ಪು ಒಳಗೆ ಇಳಿದು ಗುಳ್ಳೆ ಏಳುತ್ತದೆ. ಒಳನಾಡಿನಲ್ಲಿ ಇದು ಚೆನ್ನಾಗಿಯೇ ಬಾಳುತ್ತದೆ. ನಮ್ಮೂರ ಮನೆಗೆ ಹಾಕಿದ ಇಂಥದ್ದೇ ಹ್ಯಾಂಡಲ್ ಇನ್ನೂ ಹೊಸದರಂತಿದೆ. ಸಮುದ್ರದ ಹತ್ತಿರ ಮಾತ್ರ ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಇಲ್ಲಿಗೆ ಪೌಡರ್ ಕೋಟಿಂಗ್ ಇರುವ ಗಟ್ಟಿ ಅಲ್ಯೂಮಿನಿಯಂ, ಇಲ್ಲವೇ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು.

ಸ್ಟೀಲ್ ಹೌದೋ ಅಲ್ಲವೋ ನೋಡಲು ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿಯುತ್ತಾರೆ. ಗಟ್ಟಿಯಾಗಿ ಅಂಟಿದರೆ ಪಾಲಿಶ್ ಮಾಡಿದ ಕಬ್ಬಿಣ ಇರಬಹುದು, ಬಿಡಿ. ಆದರೆ ಅಂಟಲಿಲ್ಲ ಎಂದ ಮಾತ್ರಕ್ಕೆ 304 ಎಂದು ನಂಬಬೇಡಿ. ಅಗ್ಗದ 202 ದರ್ಜೆಯ ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಅದು ಉಪ್ಪುಗಾಳಿಗೆ ಬೇಗ ಕಲೆಗಟ್ಟುತ್ತದೆ. ಹ್ಯಾಂಡಲ್ ಮೇಲೆ ಅಥವಾ ಡಬ್ಬಿಯ ಮೇಲೆ 304 ಎಂದು ಬರೆದಿದೆಯೇ ನೋಡಿ, ಬಿಲ್‌ನಲ್ಲೂ ಬರೆಸಿಕೊಳ್ಳಿ.

ಸ್ಕ್ರೂಗಳನ್ನು ಬೇರೆಯಾಗಿಯೇ ಕೊಳ್ಳಿ, ಸ್ಟೇನ್‌ಲೆಸ್‌ನವು. ಹ್ಯಾಂಡಲ್ ಜೊತೆ ಪುಕ್ಕಟೆ ಕೊಡುವ ಸ್ಕ್ರೂ ಎಷ್ಟೋ ಸಲ ಬರೀ ಕಬ್ಬಿಣದ್ದು. ಒಳ್ಳೆಯ ಹ್ಯಾಂಡಲ್‌ಗೆ ಕೆಟ್ಟ ಸ್ಕ್ರೂ ಹಾಕಿದ್ದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ, ಅಷ್ಟು ದುಡ್ಡು ಕೊಟ್ಟು ತಂದಿರುತ್ತಾರೆ ಅಲ್ವಾ.

ಕೂರಿಸುವುದು

ಹಳೆಯ ಜಾಗವನ್ನು ಒರೆಸಿ, ಬಿಳಿ ಪುಡಿ ಇದ್ದರೆ ಕೆರೆದು ತೆಗೆಯಿರಿ. ಯುಪಿವಿಸಿಯಲ್ಲಿ ಹಳೆಯದನ್ನು ಬಿಚ್ಚುವಾಗ ಹ್ಯಾಂಡಲ್ ಅಡ್ಡ ಇತ್ತಲ್ಲ, ಹೊಸದನ್ನೂ ಅಡ್ಡ ಇಟ್ಟೇ ತೂರಿಸಿ. ಸ್ಕ್ರೂ ಎಳೆಗಳಿಗೆ ಒಂದು ಚಿಟಿಕೆ ವ್ಯಾಸಲೀನ್ ಅಥವಾ ಗ್ರೀಸ್ ಸವರಿ. ನೀರು ಒಳಗೆ ಇಳಿಯುವುದಿಲ್ಲ, ಮುಂದೆ ಬಿಚ್ಚುವವರಿಗೂ ಸುಲಭ. ಎರಡೂ ಸ್ಕ್ರೂ ಮೊದಲು ಕೈಯಿಂದ ಹಿಡಿಸಿ, ಹ್ಯಾಂಡಲ್ ತಿರುಗಿಸಿ ನೋಡಿ, ಸರಿಯಿದ್ದರೆ ಆಮೇಲೆ ಬಿಗಿ ಮಾಡಿ. ಡ್ರಿಲ್ ಮಷೀನಿನಿಂದ ಬಿಗಿ ಮಾಡಬೇಡಿ, ಎಳೆ ಕಿತ್ತುಹೋಗುತ್ತದೆ.

ಸ್ಕ್ರೂ ಉದ್ದ ಹಳೆಯದರಷ್ಟೇ ಇರಲಿ. ಗಟ್ಟಿಯಾಗಲಿ ಎಂದು ಉದ್ದದ್ದನ್ನು ಹಾಕಿದರೆ ಅದು ಒಳಗೆ ಗಾಜಿನ ಅಂಚಿಗೆ ತಾಗಬಹುದು. ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಮುಖದ ಮೇಲೆ ಪೆಟ್ಟು ತಡೆಯುತ್ತದೆ, ಅಂಚಿಗೆ ತಾಗಿದರೆ ಇಡೀ ಗಾಜು ಪುಡಿಯಾಗುತ್ತದೆ.

ತೂತು ಸಡಿಲವಾಗಿ ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ಒಂದು ಸೈಜ್ ದಪ್ಪದ್ದಕ್ಕೆ ಹೋಗಿ. 8ನೇ ನಂಬರ್ ಇದ್ದಲ್ಲಿ 10. ಅಂದರೆ 4.2 ಮಿ.ಮೀ. ಬದಲು 4.8. ಹ್ಯಾಂಡಲ್ ತೂತಿನೊಳಗೆ ಅದರ ತಲೆ ಕೂರುತ್ತದೆಯೇ ನೋಡಿಕೊಳ್ಳಿ. ಎಂ-ಸೀಲ್ ತುಂಬಿ ಅದರಲ್ಲೇ ಸ್ಕ್ರೂ ಹಾಕುವುದು ನನಗೆ ಇಷ್ಟವಿಲ್ಲ, ದಿನಕ್ಕೆ ನಾಲ್ಕು ಸಲ ಎಳೆಯುವ ಜಾಗದಲ್ಲಿ ಅದು ನಿಲ್ಲುವುದಿಲ್ಲ.

ಮರದ ಕಿಟಕಿಯಲ್ಲಿ ದಾರಿ ಬೇರೆ. ಸಡಿಲಾದ ತೂತಿಗೆ ಬೆಂಕಿಕಡ್ಡಿಗಳನ್ನು ಮದ್ದು ಮುರಿದು ಫೆವಿಕಾಲ್ ಹಚ್ಚಿ ತುಂಬಿ, ಒಂದು ದಿನ ಒಣಗಲು ಬಿಡಿ, ಚಾಚಿದ್ದನ್ನು ಕತ್ತರಿಸಿ. ಹಿತ್ತಾಳೆ ಸ್ಕ್ರೂ ಹಾಕುವುದಾದರೆ ಮೊದಲು ಅದೇ ಸೈಜಿನ ಕಬ್ಬಿಣದ ಸ್ಕ್ರೂ ಹಾಕಿ ತೆಗೆಯಿರಿ. ಹಿತ್ತಾಳೆ ಮೆತ್ತಗಿರುತ್ತದೆ, ಹಳೆಯ ಸಾಗುವಾನಿಯಲ್ಲಿ ನೇರವಾಗಿ ತಿರುಗಿಸಿದರೆ ನಡುವೆ ತುಂಡಾಗುತ್ತದೆ.

ಗೋವಾದ ಹಳೆಯ ಮನೆಯಲ್ಲಿ ಬಾಡಿಗೆಗಿರುವವರಿಗೆ ಒಂದು ಮಾತು. ಕೆಲವು ಕಿಟಕಿಗಳಲ್ಲಿ ಗಾಜಿನ ಬದಲು ಸಣ್ಣ ಸಣ್ಣ ಚಿಪ್ಪಿನ ಹಾಳೆಗಳಿರುತ್ತವೆ, ಬೆಳಕು ಹಾಲಿನ ಬಣ್ಣವಾಗಿ ಒಳಗೆ ಬರುತ್ತದೆ. ನಮ್ಮ ವಾಸ್ಕೊ ಪಕ್ಕದ ಚಿಕಾಲಿಂ ಕೊಲ್ಲಿಯಲ್ಲೂ ಈ ಚಿಪ್ಪಿನ ಜೀವಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇರುವುದರಿಂದ ಒಡೆದರೆ ಹೊಸದನ್ನು ಹಿಡಿದು ತಂದು ಹಾಕುವಂತಿಲ್ಲ. ಅವುಗಳನ್ನು ಹಿಡಿದ ಮರದ ಪಟ್ಟಿ ಬೆರಳಿನಷ್ಟೂ ದಪ್ಪ ಇರುವುದಿಲ್ಲ. ಅಲ್ಲಿ ಡ್ರಿಲ್ ಬೇಡ, ಸುತ್ತಿಗೆ ಬೇಡ. ಹ್ಯಾಂಡಲ್ ಏನಿದ್ದರೂ ಹೊರಗಿನ ದಪ್ಪ ಚೌಕಟ್ಟಿಗೆ, ಹಳೆಯ ತೂತುಗಳಲ್ಲೇ. ಮನೆಯವರನ್ನು ಕೇಳಿಯೇ ಮುಟ್ಟಿ.

ಎಲ್ಲ ಕೂರಿಸಿದ ಮೇಲೆ ಕಿಟಕಿಯ ನಡುವೆ ಒಂದು ಹಾಳೆ ಇಟ್ಟು ಲಾಕ್ ಮಾಡಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಮಳೆನೀರೂ ಬರುತ್ತದೆ. ಎದುರಿನ ಪಟ್ಟಿಯ ಸ್ಕ್ರೂ ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ನೋಡಿ. ಒಂದು ವಾರ ಬಳಸಿದ ಮೇಲೆ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಮಳೆಗಾಲ ಮುಗಿದ ಮೇಲೆ ಸಿಹಿನೀರಿನ ಬಟ್ಟೆಯಿಂದ ಹ್ಯಾಂಡಲ್ ಒರೆಸಿ ಉಪ್ಪು ತೆಗೆಯಿರಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹೊಸ ಹ್ಯಾಂಡಲ್ ಈಗ ಅವರಿಗೂ ಸುಲಭವಾಗಿ ತಿರುಗುತ್ತದೆ. ಕೀಲಿ ಇರುವ ಹ್ಯಾಂಡಲ್ ಕೊಳ್ಳಿ. ಸ್ಲೈಡಿಂಗ್ ಆದರೆ ಟ್ರ್ಯಾಕ್‌ನಲ್ಲಿ, ಪಲ್ಲೆ ನಾಲ್ಕು ಇಂಚಿಗಿಂತ ಜಾಸ್ತಿ ತೆರೆಯದ ಹಾಗೆ, ಒಂದು ಸ್ಟಾಪರ್ ಹಾಕಿ. ಕೀಲಿಯನ್ನು ಮಕ್ಕಳ ಕೈಗೆ ಸಿಗದ, ಆದರೆ ದೊಡ್ಡವರೆಲ್ಲರಿಗೂ ಗೊತ್ತಿರುವ ಮೊಳೆಗೆ ನೇತುಹಾಕಿ. ಬೆಂಕಿ ಹೊಗೆ ಎಂದಾಗ ಕಿಟಕಿ ತೆರೆಯಲು ಹುಡುಕಾಡುವಂತಾಗಬಾರದು.