ಕಟ್ಟಿರುವೆ ಸಾಕುವುದು ಹೇಗೆ? ರಾಣಿ ಸಿಕ್ಕ ಸಂಜೆಯಿಂದ ಮೊದಲ ಗೂಡಿನವರೆಗೆ

ಮುಂಗಾರಿನ ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ಸಂಜೆ ಹೊತ್ತು ಬೀದಿದೀಪದ ಕೆಳಗೆ ಕಣ್ಣಾಡಿಸಿ. ರೆಕ್ಕೆ ಉದುರಿಸಿಕೊಂಡು ಒಂಟಿಯಾಗಿ ಓಡಾಡುವ ದಪ್ಪ ಕಪ್ಪು ಇರುವೆ ಕಂಡರೆ, ಅದು ಮನೆ ಹುಡುಕುತ್ತಿರುವ ಹೊಸ ರಾಣಿ ಇರಬಹುದು. ಈಸಲು ಹುಳುವೆಂದು ತಪ್ಪು ತಿಳಿಯಬೇಡಿ. ಗೆದ್ದಲಿನ ಈಸಲಿಗೆ ಸೊಂಟವೇ ಇಲ್ಲ, ಮೀಸೆ ನೇರ. ಇರುವೆ ರಾಣಿಯ ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಎದೆಭಾಗ ಉಬ್ಬಿರುತ್ತದೆ.

ಕಟ್ಟಿರುವೆ, ಅಂದರೆ ಹಲವು ಊರುಗಳ ಗೊದ್ದ, ಬಡಗಿ ಇರುವೆಗಳ ಕುಲದ್ದು. ಶಾಸ್ತ್ರೀಯ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಈ ಕುಲದ ಹಲವು ಜಾತಿಗಳು ಮರ ಕೊರೆದು ಗೂಡು ಮಾಡುತ್ತವೆಯೇ ಹೊರತು ಮರ ತಿನ್ನುವುದಿಲ್ಲ. ನಮ್ಮ ಕಟ್ಟಿರುವೆ ಸಾಮಾನ್ಯವಾಗಿ ಮರದ ಬುಡದ ಮಣ್ಣಿನಲ್ಲೇ ಗೂಡು ಮಾಡುತ್ತದೆ.

ರಾಣಿ ಬೇಕೆಂದು ಈಗಾಗಲೇ ಇರುವ ಗೂಡನ್ನು ದಯವಿಟ್ಟು ಅಗೆಯಬೇಡಿ. ರಾಣಿ ಹೋದರೆ ಹಿಂದೆ ಉಳಿದ ಕೆಲಸಗಾರ್ತಿಯರ ಸಂಸಾರ ಮುಗಿದಂತೆ. ಹೊರದೇಶದ ಜಾತಿಗಳನ್ನು ತರಿಸುವುದೂ ಬೇಡ, ತಪ್ಪಿಸಿಕೊಂಡರೆ ಇಲ್ಲಿನ ಇರುವೆಗಳಿಗೇ ಕುತ್ತು.

ಸುಮಾರು 15 ಸೆಂ.ಮೀ. ಉದ್ದದ, ರಾಣಿ ಸಲೀಸಾಗಿ ತಿರುಗಬಹುದಾದಷ್ಟು ಅಗಲದ ಗಾಜಿನ ಪ್ರನಾಳ ತನ್ನಿ. ಮೂರನೇ ಒಂದು ಭಾಗ ನೀರು ತುಂಬಿ, ಹತ್ತಿಯನ್ನು ಬಿಗಿಯಾಗಿ ಒಳಕ್ಕೆ ನೂಕಿ. ಹತ್ತಿ ಒದ್ದೆಯಾಗಬೇಕು, ನೀರು ಸೋರಬಾರದು. ರಾಣಿಯನ್ನು ಒಳಕ್ಕೆ ಬಿಟ್ಟು, ಪ್ರನಾಳದ ಬಾಯಿಗೆ ಒಣ ಹತ್ತಿ ಇಡಿ. ಕತ್ತಲಿರುವ, ಅದುರದ ಕಪಾಟಿನಲ್ಲಿಡಿ. ಮಿಕ್ಸಿ, ವಾಷಿಂಗ್ ಮಷೀನು ಹತ್ತಿರ ಬೇಡ.

ಇನ್ನು ಕಷ್ಟದ ಕೆಲಸ: ಸುಮ್ಮನಿರುವುದು. ಈ ಹಂತದಲ್ಲಿ ರಾಣಿಗೆ ಊಟ ಬೇಡ. ಇನ್ನೆಂದೂ ಬೇಕಾಗದ ಹಾರಾಟದ ಸ್ನಾಯುಗಳನ್ನೇ ಕರಗಿಸಿಕೊಂಡು ಮೊದಲ ಮರಿಗಳಿಗೆ ಉಣಿಸುತ್ತಾಳೆ. ಪದೇ ಪದೇ ಬೆಳಕು ಬಿಟ್ಟರೆ ಹೆದರಿ ತನ್ನ ಮೊಟ್ಟೆಯನ್ನೇ ತಿನ್ನಬಹುದು. ವಾರಕ್ಕೊಮ್ಮೆ ಒಂದು ನಿಮಿಷ ನೋಡಿ, ಸಾಕು. ಇರುವೆಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದ ಕಾರಣ ಕೆಂಪು ಹಾಳೆ ಸುತ್ತಿಟ್ಟರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದೇ ಜಾತಿಯ ರಾಣಿಯರನ್ನು ಮಂದ ಕೆಂಪು ಬೆಳಕಿನಲ್ಲಿಟ್ಟು ಗಮನಿಸಿ, 2004ರಲ್ಲಿ ಪ್ರಕಟಿಸಿದ ಸಂಗತಿ ನನಗೆ ಬಲು ಇಷ್ಟ. ಗಂಡಿನೊಡನೆ ಕೂಡುವ ಮುನ್ನ ರಾಣಿಯ ಓಡಾಟ ಸುಮಾರು 24 ಗಂಟೆಯ ಲಯದಲ್ಲಿರುತ್ತದೆ. ಮೊಟ್ಟೆಯಿಡುವ ಕಾಲದಲ್ಲಿ ಆ ಲಯ ಕಾಣೆಯಾಗುತ್ತದೆ, ಮೊಟ್ಟೆಯಿಡುವುದು ಮುಗಿದ ಮೇಲೆ ಮರಳುತ್ತದೆ. ಹಾಗಾಗಿ ನಿಮ್ಮ ರಾಣಿ ಅಪರಾತ್ರಿಯಲ್ಲೂ ಮೊಟ್ಟೆಗಳ ಸುತ್ತ ಓಡಾಡುತ್ತಿದ್ದರೆ ಗಾಬರಿಯಾಗಬೇಡಿ.

ಮೊಟ್ಟೆ, ಮರಿಹುಳು, ಕಂದುಬಣ್ಣದ ಗೂಡುಕೋಶ ದಾಟಿ ಮೊದಲ ಕೆಲಸಗಾರ್ತಿ ಬರಲು ಒಂದರಿಂದ ಎರಡು ತಿಂಗಳು ಬೇಕು. ಮೊದಲ ತಂಡದವು ಪೀಚಲಾಗಿರುತ್ತವೆ. ದೊಡ್ಡ ತಲೆಯ ಕೆಲಸಗಾರ್ತಿಯರು ಬರುವುದು ಸಂಸಾರ ಬೆಳೆದ ಮೇಲೆ. ಬರೀ ರೆಕ್ಕೆಯ ಗಂಡುಗಳೇ ಹುಟ್ಟಿದರೆ ರಾಣಿ ಕೂಡಿಲ್ಲವೆಂದು ಅರ್ಥ, ಆ ಗೂಡು ಬೆಳೆಯದು.

ಈಗ ಊಟ. ಒಂದು ಹನಿ ಸಕ್ಕರೆ ನೀರು, ಜೊತೆಗೆ ಸಣ್ಣ ಹಣ್ಣುನೊಣ ಅಥವಾ ಜಿರಲೆಯ ಒಂದು ಕಾಲು. ಸಿಹಿ ದೊಡ್ಡವಕ್ಕೆ ಶಕ್ತಿ, ಮಾಂಸ ಮರಿಗಳ ಬೆಳವಣಿಗೆಗೆ. ಔಷಧಿ ಸಿಂಪಡಿಸಿದ ಮನೆಯ ಹುಳು ಬೇಡವೇ ಬೇಡ. ಕೀಟವನ್ನು ಕುದಿನೀರಿಗೆ ಅದ್ದಿ ತೆಗೆದು ಕೊಡಿ, ಉಳಿದದ್ದನ್ನು ಮರುದಿನ ತೆಗೆಯಿರಿ. ಬಹುಪಾಲು ಇರುವೆಗಳ ಎದೆಯಲ್ಲಿ ಬೂಷ್ಟು ತಡೆಯುವ ರಸದ ಗ್ರಂಥಿಯಿದೆ, ಬಡಗಿ ಇರುವೆಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಸ್ವಚ್ಛತೆಯಲ್ಲಿ ನಿಮ್ಮ ಪಾಲೂ ಇದೆ.

ಕೆಲಸಗಾರ್ತಿಯರು ಹತ್ತಿಪ್ಪತ್ತು ಆದಾಗ ಕೊಳವೆಯನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಬಾಯಿ ತೆರೆಯಿರಿ. ಡಬ್ಬಿಯ ಒಳ ಅಂಚಿಗೆ ಸ್ಪಿರಿಟ್‌ನಲ್ಲಿ ಕಲಸಿದ ಟಾಲ್ಕಂ ಪೌಡರ್ ಬಳಿದು ಒಣಗಿಸಿದರೆ ಏರಲು ಕಾಲು ನಿಲ್ಲದು. ಕುಟುಕಲು ಕೊಂಡಿಯಿಲ್ಲ, ಆದರೆ ಕಚ್ಚಿ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ. ಮಕ್ಕಳಿಗೆ ಮೊದಲೇ ಹೇಳಿಡಿ.

ನಮ್ಮ ಹವೆಗೆ ಹೀಟರ್ ಬೇಡ. ಜರ್ಮನಿಯಲ್ಲೋ ಅಮೆರಿಕದ ಉತ್ತರ ಭಾಗದಲ್ಲೋ ಇದ್ದು ಅಲ್ಲಿನ ಬಡಗಿ ಇರುವೆ ಸಾಕುವ ಕನ್ನಡಿಗರು ಮಾತ್ರ ಅವಕ್ಕೆ ತಿಂಗಳುಗಟ್ಟಲೆ ಚಳಿಯ ನಿದ್ರೆ ಕೊಡಲೇಬೇಕು.

ಕೊಳವೆ ಕಿಕ್ಕಿರಿದಾಗ ಮನೆ ಕಟ್ಟಲು ಬಳಸುವ ಹಗುರ ಎಎಸಿ ಬ್ಲಾಕಿನ ತುಂಡಿನಲ್ಲಿ ಕೋಣೆಗಳನ್ನು ಕೊರೆದು, ಮೇಲೆ ಗಾಜು ಮುಚ್ಚಿ. ಒಂದು ಮೂಲೆಗೆ ನೀರುಣಿಸಿದರೆ ತೇವವನ್ನು ಅದೇ ಹೀರಿಕೊಳ್ಳುತ್ತದೆ. ಇರುವೆಗಳನ್ನು ಅಲ್ಲಾಡಿಸಿ ಸುರಿಯಬೇಡಿ. ಹೊಸ ಗೂಡನ್ನು ಡಬ್ಬಿಗೆ ನಳಿಕೆಯಿಂದ ಜೋಡಿಸಿ ಕತ್ತಲು ಮಾಡಿ, ಹಳೆಯ ಕೊಳವೆಗೆ ಬೆಳಕು ಬಿಡಿ. ಒಂದು ರಾತ್ರಿಯಲ್ಲೋ ಒಂದು ವಾರದಲ್ಲೋ ಮರಿಗಳನ್ನು ಕಚ್ಚಿಕೊಂಡು ತಾವೇ ಮನೆ ಬದಲಿಸುತ್ತವೆ.