ಟುರೆಟ್ ಸಿಂಡ್ರೋಮ್ ಬಗ್ಗೆ ಶಾಲೆಯಲ್ಲಿ ಅರಿವು ಮೂಡಿಸುವುದು: ನನ್ನ ಅನುಭವ

ಬೇಕೆಂದು ಮಾಡದ ಚಲನೆ, ಸದ್ದುಗಳು ಮತ್ತೆ ಮತ್ತೆ ಬರುವ ನರಸಂಬಂಧಿ ಸ್ಥಿತಿಯೇ ಟುರೆಟ್ ಸಿಂಡ್ರೋಮ್. ಆ ಚಲನೆ, ಸದ್ದುಗಳಿಗೆ ಟಿಕ್ ಎನ್ನುತ್ತಾರೆ. ಇದು ಇರುವ ಮಗುವಿನ ಶಾಲೆಗೆ ಹೋಗಿ ಮಾತಾಡುವಾಗ ಮೊದಲು ಎದುರಾಗುವುದು ಒಂದೇ ಮಾತು: ‘ಬೇಕಂತಲೇ ಮಾಡ್ತಾನೆ’. ಹೇಳುವವರೆಲ್ಲ ಕೆಟ್ಟವರೇನಲ್ಲ, ಅವರ ಅನುಮಾನಕ್ಕೆ ಕಾರಣವಿದೆ. ಪರೀಕ್ಷೆಯಲ್ಲಿ ಅರ್ಧ ಗಂಟೆ ಅಲುಗಾಡದೆ ಕೂತ ಹುಡುಗ ಹೊರಗೆ ಬಂದ ಕೂಡಲೇ ಕತ್ತು ಕೊಂಕಿಸತೊಡಗುತ್ತಾನೆ. ಹೋದ ತಿಂಗಳು ಕಣ್ಣು ಮಿಟುಕಿಸುತ್ತಿದ್ದವನು ಈ ತಿಂಗಳು ಗಂಟಲಲ್ಲಿ ಸದ್ದು ಮಾಡುತ್ತಾನೆ. ನೋಡುವವರಿಗೆ ಇದು ನಾಟಕದಂತೆಯೇ ಕಾಣುತ್ತದೆ. ಆದ್ದರಿಂದ ನನ್ನ ತರಗತಿ ಎರಡೇ ಸಂಗತಿಗಳ ಸುತ್ತ ನಡೆಯುತ್ತದೆ. ಟಿಕ್ ಅನ್ನು ಸ್ವಲ್ಪ ಹೊತ್ತು ತಡೆಹಿಡಿಯಬಹುದು. ಅದು ರೂಪ ಬದಲಿಸುತ್ತಾ, ಏರುತ್ತಾ ಇಳಿಯುತ್ತಾ ಇರುತ್ತದೆ. ಇವೆರಡನ್ನು ಬಿಡಿಸಿ ಹೇಳದಿದ್ದರೆ ಉಳಿದ ವಿವರವೆಲ್ಲ ವ್ಯರ್ಥ.

ಶಾಲೆಗೆ ಹೋಗುವ ಮೊದಲು ಮಗುವಿನ ಜೊತೆ ಕೂತು ಮೂರು ವಿಷಯ ಕೇಳುತ್ತೇನೆ. ನಿನ್ನ ಹೆಸರು ಹೇಳಲೇ? ಆ ಹೊತ್ತಿಗೆ ನೀನು ತರಗತಿಯಲ್ಲಿರುತ್ತೀಯಾ? ಯಾವುದನ್ನು ಹೇಳಬಾರದು? ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು, ಆದರೆ ಮಗು ಬೇಡ ಎಂದರೆ ಬೇಡವೇ. ಹೆಸರು ಬೇಡವೆಂದಾಗ ಆಸ್ತಮಾ, ಅಪಸ್ಮಾರ, ಉಗ್ಗು ಇವುಗಳ ಜೊತೆ ಟುರೆಟ್ ಅನ್ನೂ ಸೇರಿಸಿ ಮಾತಾಡುತ್ತೇನೆ. ಹಾಗೆ ಮಾಡಿದರೂ ಟಿಕ್ ಎದ್ದು ಕಾಣುವಂತಿದ್ದರೆ ಎಲ್ಲರೂ ಊಹಿಸಿಯೇ ಊಹಿಸುತ್ತಾರೆ ಎಂದು ಮಗುವಿಗೆ ಮುಂಚೆಯೇ ತಿಳಿಸಬೇಕು.

ಮೊದಲ ಸಭೆ ಶಿಕ್ಷಕರದ್ದು. ಅದಕ್ಕೆ ಗ್ರಂಥಾಲಯ, ಆಟದ ಮೈದಾನ, ಶಾಲಾ ಬಸ್ಸು ನೋಡಿಕೊಳ್ಳುವವರೂ ಬರಬೇಕು. ತರಗತಿಯಲ್ಲಿ ಕಟ್ಟಿದ ನಂಬಿಕೆ ವರಾಂಡದಲ್ಲಿ ಯಾರೋ ಗದರಿಸಿದರೆ ಕುಸಿಯುತ್ತದೆ. ‘ಇದೆಲ್ಲ ಈಗ ಹುಟ್ಟಿಕೊಂಡ ಹೆಸರು’ ಎನ್ನುವವರು ಸಾಮಾನ್ಯವಾಗಿ ಒಬ್ಬರಾದರೂ ಇರುತ್ತಾರೆ. ಪ್ಯಾರಿಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಇದನ್ನು 1885ರಲ್ಲೇ ಒಂಬತ್ತು ರೋಗಿಗಳನ್ನು ಮುಂದಿಟ್ಟು ವಿವರಿಸಿದ್ದ ಎಂದು ಅವರಿಗೆ ಹೇಳುತ್ತೇನೆ. ಆಮೇಲೆ ರೋಗನಿರ್ಣಯದ ಮಾನದಂಡ: ಕನಿಷ್ಠ ಎರಡು ಚಲನೆಯ ಟಿಕ್, ಒಂದಾದರೂ ಧ್ವನಿಯ ಟಿಕ್, 18 ವರ್ಷಕ್ಕೆ ಮೊದಲು ಶುರುವಾಗಿ ಒಂದು ವರ್ಷ ದಾಟಿರಬೇಕು. ಎರಡೂ ಬಗೆ ಒಟ್ಟಿಗೇ ಇರಬೇಕೆಂದಿಲ್ಲ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ವೈದ್ಯರು ಕೇಳಿ, ನೋಡಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ 5ರಿಂದ 7ನೇ ವಯಸ್ಸಿನಲ್ಲಿ ಶುರುವಾಗುವ ಟಿಕ್ 10ರಿಂದ 12ರ ಹೊತ್ತಿಗೆ ಅತಿ ಜೋರಾಗಿರುತ್ತದೆ, ಹದಿಹರೆಯ ಮುಗಿಯುವಾಗ ಅನೇಕರಲ್ಲಿ ತಗ್ಗುತ್ತದೆ. ಮಕ್ಕಳು ಒಬ್ಬರನ್ನೊಬ್ಬರು ಹಂಗಿಸುವ ವಯಸ್ಸೂ ಅದೇ. ಶಾಲೆಯಲ್ಲಿ ಈ ಕೆಲಸ ಅಷ್ಟು ಮುಖ್ಯವಾಗುವುದು ಇದಕ್ಕಾಗಿ.

ಶಿಕ್ಷಕರಿಗೆ ಇನ್ನೊಂದು ಮಾತನ್ನೂ ಒತ್ತಿ ಹೇಳುತ್ತೇನೆ. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ), ಒಸಿಡಿ (ಬೇಡದ ಯೋಚನೆ, ಮಾಡಿದ್ದನ್ನೇ ಮಾಡುವ ಗೀಳು) ಟುರೆಟ್ ಜೊತೆಗೆ ಬರುವುದು ತೀರಾ ಸಾಮಾನ್ಯ. ಓದಿಗೆ ಟಿಕ್‌ಗಿಂತ ಇವೇ ಹೆಚ್ಚು ಅಡ್ಡಿಯಾಗುವುದುಂಟು.

ಮಕ್ಕಳ ತರಗತಿಗೆ 40 ನಿಮಿಷ ಸಾಕು: ಹತ್ತು ನಿಮಿಷ ವಿವರಣೆ, ಎರಡು ಚಟುವಟಿಕೆ, ಉಳಿದದ್ದು ಪ್ರಶ್ನೆಗಳಿಗೆ. ಮೊದಲ ಚಟುವಟಿಕೆಯಲ್ಲಿ ಎಲ್ಲರೂ ಬೋರ್ಡಿನ ಒಂದು ಚುಕ್ಕಿಯನ್ನು ಒಂದು ನಿಮಿಷ ರೆಪ್ಪೆ ಬಡಿಯದೆ ನೋಡಬೇಕು. ಅದೇ ಹೊತ್ತಿನಲ್ಲಿ ನಾನು ಒಂದು ಪುಟ್ಟ ಪಾಠ ಓದುತ್ತೇನೆ. ಕಣ್ಣಿನ ತೊಂದರೆ ಇರುವವರು, ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರು ಸುಮ್ಮನೆ ಕೇಳಿದರೆ ಸಾಕು. ನಿಮಿಷ ಮುಗಿದ ಮೇಲೆ ಪಾಠದಿಂದ ಎರಡು ಪ್ರಶ್ನೆ ಕೇಳುತ್ತೇನೆ. ಉತ್ತರ ಕಷ್ಟ, ಗಮನವೆಲ್ಲ ಕಣ್ಣಿನ ಉರಿಯ ಮೇಲಿತ್ತಲ್ಲ! ಟಿಕ್ ಬರುವ ಮುನ್ನ ಮೈಯಲ್ಲಿ ಏಳುವ ಒತ್ತಡ, ಅದನ್ನು ತಡೆಯಲು ತೆರಬೇಕಾದ ಬೆಲೆ ಎರಡೂ ಅಲ್ಲೇ ಅರ್ಥವಾಗುತ್ತವೆ. ‘ಯಾರು ಹೆಚ್ಚು ಹೊತ್ತು ತಡೀತೀರಿ ನೋಡೋಣ’ ಎಂದರೆ ಮಾತ್ರ ಕೆಟ್ಟಿತು. ಅದು ಪಂದ್ಯವಾಗುತ್ತದೆ, ಗೆದ್ದ ಹುಡುಗ ‘ನಾನು ತಡೆದೆನಲ್ಲ, ಅವನಿಗೇನು’ ಎಂದು ಕೇಳುತ್ತಾನೆ. ಒತ್ತಡದ ಅರಿವು ಚಿಕ್ಕ ಮಕ್ಕಳಲ್ಲಿ ಅನೇಕರಿಗೆ ಇರುವುದಿಲ್ಲ, ಅದೂ ಶಿಕ್ಷಕರಿಗೆ ಗೊತ್ತಿರಲಿ.

ಎರಡನೆಯದು ಬರವಣಿಗೆ. ಎಂಟು ಸಾಲಿನ ಒಂದು ಭಾಗವನ್ನು ಎರಡು ನಿಮಿಷದಲ್ಲಿ ನಕಲು ಮಾಡಬೇಕು. ನಾನು ಮೇಜು ತಟ್ಟಿದಾಗಲೆಲ್ಲ ಬರೆಯುತ್ತಿರುವ ಪದವನ್ನು ಹೊಡೆದುಹಾಕಿ ಮತ್ತೆ ಬರೆಯಬೇಕು. ಹತ್ತು ಹನ್ನೆರಡು ಸಲ ತಟ್ಟುತ್ತೇನೆ, ಕೆಲವೊಮ್ಮೆ ಬೆನ್ನುಬೆನ್ನಿಗೆ, ಕೆಲವೊಮ್ಮೆ ಬಿಟ್ಟು ಬಿಟ್ಟು. ಒಂದೇ ತಾಳದಲ್ಲಿ ತಟ್ಟಿದರೆ ಮಕ್ಕಳು ಅದಕ್ಕೆ ಹೊಂದಿಕೊಂಡುಬಿಡುತ್ತಾರೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಯಾಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಟಿಕ್‌ಗಳನ್ನೇ ಅನುಕರಣೆ ಮಾಡಿ ತೋರಿಸಬಾರದು. ಮಧ್ಯಾಹ್ನದೊಳಗೆ ಅದು ಮೈದಾನದಲ್ಲಿ ಅಣಕವಾಗಿರುತ್ತದೆ. ಟಿಕ್ ಬಗ್ಗೆ ಮಾತಾಡಿದರೇ ಮಗುವಿಗೆ ಟಿಕ್ ಹೆಚ್ಚುವುದುಂಟು, ಕಣ್ಣೆದುರಿಗೆ ಮಾಡಿ ತೋರಿಸಿದರೆ ಕೇಳುವುದೇ ಬೇಡ. ತರಗತಿಯಲ್ಲಿ ಇರಲು ಒಪ್ಪಿದ ಮಗುವನ್ನು ಬಾಗಿಲ ಪಕ್ಕ ಕೂರಿಸಿ, ಯಾರನ್ನೂ ಕೇಳದೆ ಎದ್ದುಹೋಗಬಹುದು ಎಂದು ಹೇಳಿರುತ್ತೇನೆ. ಕೆಟ್ಟ ಮಾತು ತಾನಾಗಿ ಬಾಯಿಂದ ಬೀಳುವ ವಿಡಿಯೊಗಳನ್ನಂತೂ ತೋರಿಸಲೇಬಾರದು. ಅದು ಇರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಮೊದಲೇ ಅದನ್ನು ತೋರಿಸಿದರೆ ‘ಇವನು ಬಯ್ಯಲ್ಲವಲ್ಲ, ಇವನಿಗಿರುವುದು ಟುರೆಟ್ ಅಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಮಗುವಿಗೆ ನಿಜಕ್ಕೂ ಆ ಟಿಕ್ ಇದ್ದರೆ ಮುಚ್ಚಿಡಬೇಕಿಲ್ಲ. ಅದೂ ಒಂದು ಟಿಕ್, ನಿಮ್ಮನ್ನು ಬಯ್ದದ್ದಲ್ಲ ಎಂದು ನೇರವಾಗಿ ಹೇಳಬೇಕು.

‘ಅವನಿಗೆ ತಡೆಯಲು ಸಾಧ್ಯವೇ ಇಲ್ಲ’ ಎಂಬ ಮಾತನ್ನೂ ನಾನು ಬಳಸುವುದಿಲ್ಲ. ಮರುದಿನ ಪ್ರಾರ್ಥನೆಯಲ್ಲಿ ಅವನು ಐದು ನಿಮಿಷ ಸುಮ್ಮನೆ ನಿಂತರೆ ಸುಳ್ಳುಗಾರನಾಗುತ್ತಾನೆ. ‘ಸ್ವಲ್ಪ ಹೊತ್ತು ತಡೆಯಬಲ್ಲ, ಆಗ ಅವನ ಗಮನವೆಲ್ಲ ಅದಕ್ಕೇ ಹೋಗುತ್ತದೆ’ ಎನ್ನುವುದು ನಿಜವೂ ಹೌದು, ಅವನನ್ನು ಕಾಪಾಡುವುದೂ ಹೌದು. ಟಿಕ್ ಬಂದಾಗ ನಾವೇನು ಮಾಡಬೇಕು ಎಂದು ಮಕ್ಕಳು ಕೇಳುತ್ತಾರೆ. ಮಾತು ಮುಂದುವರಿಸಿ, ಟಿಕ್‌ನಿಂದ ಅವನ ಮಾತು ನಿಂತರೆ ಕಾಯಿರಿ, ಅಷ್ಟೇ.

ಚಿಕಿತ್ಸೆಯ ಬಗ್ಗೆ ಶಿಕ್ಷಕರಿಗೆ ತಿಳಿದಿರಬೇಕಾದದ್ದು ಕಡಿಮೆ. ಸಿಬಿಐಟಿ ಎಂಬ ವರ್ತನಾ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಹತ್ತು ವಾರಗಳಲ್ಲಿ ಎಂಟು ಭೇಟಿ ಇರುತ್ತವೆ. ಒತ್ತಡ ಬಂದಾಗ ಆ ಟಿಕ್ ಜೊತೆ ಒಟ್ಟಿಗೆ ಮಾಡಲಾಗದ ಇನ್ನೊಂದು ಚಲನೆಯನ್ನು ಮಗು ಕಲಿಯುತ್ತದೆ. ಕತ್ತು ಕೊಂಕಿಸುವವರು ಗದ್ದವನ್ನು ತುಸು ಒಳಗೆಳೆದು ಕತ್ತಿನ ಸ್ನಾಯುವನ್ನು ಮೆಲ್ಲಗೆ ಬಿಗಿ ಹಿಡಿಯುವ ಹಾಗೆ. ಔಷಧಿಗಳು ಟಿಕ್ ತಗ್ಗಿಸಬಲ್ಲವು, ಗುಣಪಡಿಸುವುದಿಲ್ಲ. ಎಲ್ಲರಿಗೂ ಚಿಕಿತ್ಸೆ ಬೇಕೆಂದೂ ಇಲ್ಲ. ಆದರೆ ತರಗತಿಯ ನಡುವೆ ‘ನಿನಗೆ ಕಲಿಸಿದ್ದು ಮಾಡು’ ಎಂದು ಶಿಕ್ಷಕರು ಹೇಳಿದರೆ ಅದು ‘ನಿಲ್ಲಿಸು’ ಎಂದೇ ಕೇಳಿಸುತ್ತದೆ.

ನಾಲ್ಕರಿಂದ ಆರು ವಾರ ಬಿಟ್ಟು ಶಿಕ್ಷಕರನ್ನು ಮತ್ತೆ ಭೇಟಿಯಾಗುತ್ತೇನೆ. ಅಷ್ಟರಲ್ಲಿ ಟಿಕ್ ಬದಲಾಗಿರಬಹುದು, ಹೊಸದನ್ನು ಚೇಷ್ಟೆ ಎಂದುಕೊಳ್ಳುವ ಅಪಾಯ ಆಗಲೇ ಹೆಚ್ಚು. ಒಂದೇ ಪುಟದ ಹಾಳೆ ಶಾಲೆಯಲ್ಲಿರಲಿ: ಸದ್ಯದ ಟಿಕ್‌ಗಳು, ಯಾವುದರಿಂದ ಹೆಚ್ಚುತ್ತವೆ, ಹೊರಗೆ ಹೋಗಲು ಮಗು ಮಾಡುವ ಸನ್ನೆ, ಪರೀಕ್ಷೆಯ ಏರ್ಪಾಡು. ಮನೆಯವರು ತಿಂಗಳಿಗೊಮ್ಮೆ ಅದನ್ನು ತಿದ್ದಿ ಕೊಡಲಿ. ಪರೀಕ್ಷೆಗೆ ಬೇರೆ ಕೊಠಡಿ ಕೊಡುವುದು ತಡೆಹಿಡಿಯುವ ಶ್ರಮ ತಪ್ಪಲೆಂದು. ಗೆಳೆಯರ ನಡುವೆಯೇ ಬರೆಯಬೇಕು ಎನ್ನುವ ಮಕ್ಕಳೂ ಇದ್ದಾರೆ, ಆದ್ದರಿಂದ ಆ ಸಾಲನ್ನು ತುಂಬುವ ಮೊದಲು ಮಗುವನ್ನೇ ಕೇಳಬೇಕು.